ಹಳೆಯ ಹಾಯಿದೋಣಿ, ಹೊಸ ದಕ್ಕೆ

2023ರ ಏಪ್ರಿಲ್ 27ರಂದು ದಕ್ಷಿಣ ಆಫ್ರಿಕಾದ ಕಿರ್ಸ್ಟನ್ ನಾಯ್ಶೇಫರ್ ಒಬ್ಬರೇ ಭೂಮಿ ಸುತ್ತಿ ಫ್ರಾನ್ಸಿನ ಲೆ ಸಾಬ್ಲ್ ದೊಲಾನ್ ಬಂದರಿಗೆ ಮರಳಿದರು. ಅವರು ಸಮುದ್ರದಲ್ಲಿ ಕಳೆದದ್ದು 235 ದಿನ. ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತುವ ಈ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು ಗೆದ್ದ ಮೊದಲ ಮಹಿಳೆ ಅವರೇ. ಎರಡು ದಿನ ಕಳೆದು ಎರಡನೆಯವರಾಗಿ ಬಂದದ್ದು ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ. ಹೀಗಾಗಿ ಭಾರತದ ಪತ್ರಿಕೆಗಳೂ ಈ ಸ್ಪರ್ಧೆಯ ಸುದ್ದಿ ಬರೆದವು. ಗೆದ್ದ ದೋಣಿಯ ವಯಸ್ಸನ್ನು ಮಾತ್ರ ಹೆಚ್ಚಿನವರು ಗಮನಿಸಲಿಲ್ಲ. 36 ಅಡಿಯ ‘ಮಿನ್ನೆಹಾಹಾ’ 1988ರಲ್ಲಿ ಕಟ್ಟಿದ್ದು. ಕಿರ್ಸ್ಟನ್ ಅದನ್ನು ಕೊಂಡದ್ದು ಸೆಕೆಂಡ್ ಹ್ಯಾಂಡಿನಲ್ಲಿ.

ದೋಣಿ ಸಿಕ್ಕಿದ್ದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ. ಅಲ್ಲಿಂದ ಪ್ರಿನ್ಸ್ ಎಡ್ವರ್ಡ್ ದ್ವೀಪಕ್ಕೆ ಒಯ್ದು ಅದನ್ನು ಬುಡದಿಂದ ದುರಸ್ತಿ ಮಾಡಿಸಿದರು. ನಂತರ ಅಟ್ಲಾಂಟಿಕ್ ಸಾಗರವನ್ನು ಉದ್ದಕ್ಕೆ ದಾಟಿ ದಕ್ಷಿಣ ಆಫ್ರಿಕಾಕ್ಕೆ ನಡೆಸಿಕೊಂಡು ಹೋದರು. ಸ್ಪರ್ಧೆ ಶುರುವಾಗುವ ಮೊದಲೇ ದೋಣಿಯ ಗುಣದೋಷವೆಲ್ಲ ಅವರಿಗೆ ತಿಳಿದಿತ್ತು. ಇದೇನೂ ಅಚ್ಚರಿಯಲ್ಲ, ಯಾರೋ ಕೊಂಡ ದೋಣಿಯನ್ನು ಹೊಸ ಊರಿಗೆ ಮುಟ್ಟಿಸುವುದೇ ಅವರ ಕಸುಬಾಗಿತ್ತು. ಹಿಂದೊಮ್ಮೆ 32 ಅಡಿಯ ಹಳೆಯ ಸಿಮೆಂಟ್ ದೋಣಿಯನ್ನು (ಹೌದು, ಕಬ್ಬಿಣದ ಜಾಲರಿಗೆ ಸಿಮೆಂಟ್ ಮೆತ್ತಿ ಕಟ್ಟಿದ ದೋಣಿಗಳೂ ತೇಲುತ್ತವೆ) ಪೋರ್ಚುಗಲ್‌ನಿಂದ ದಕ್ಷಿಣ ಆಫ್ರಿಕಾದವರೆಗೆ ಒಬ್ಬರೇ ತಂದಿದ್ದರು.

ಯುರೋಪು, ಅಮೆರಿಕದ ಕರಾವಳಿಗಳಲ್ಲಿ ಹಳೆಯ ಹಾಯಿದೋಣಿಗಳ ವ್ಯಾಪಾರ ಜೋರು. ಫೈಬರ್‌ಗ್ಲಾಸ್ ಬಂದ ಮೇಲೆ ದೋಣಿಯ ಒಡಲು ಬೇಗ ಹಾಳಾಗುವುದಿಲ್ಲ. ಹಾಳಾಗುವುದು ಅದಕ್ಕೆ ಅಂಟಿಕೊಂಡಿರುವ ಉಳಿದದ್ದೆಲ್ಲ. ಅದಕ್ಕೇ ಬಲ್ಲವರು ಮುಂಗಡ ಕೊಟ್ಟರೂ ದೋಣಿ ಪರೀಕ್ಷಿಸುವ ಸರ್ವೇಯರ್ ನೋಡಿ ಹೇಳುವವರೆಗೆ ವ್ಯವಹಾರ ಮುಗಿಸುವುದಿಲ್ಲ. ದೋಣಿಯನ್ನು ಕ್ರೇನಿನಿಂದ ನೀರಿನಾಚೆ ಎತ್ತಿಸಿದ ಮೇಲೆ ಆತ ಸಣ್ಣ ಸುತ್ತಿಗೆ ಹಿಡಿದು ಒಡಲನ್ನು ಅಡಿಯಡಿಗೂ ತಟ್ಟುತ್ತ ಹೋಗುತ್ತಾನೆ. ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ ಅವನ ಕಿವಿಯೆಲ್ಲ ಸದ್ದಿನ ಮೇಲೆ. ಗಟ್ಟಿ ಸದ್ದು ಬಂದರೆ ಸರಿ, ಮಂಕಾಗಿ ಕೇಳಿದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಫೈಬರ್‌ಗ್ಲಾಸ್ ವರ್ಷಗಟ್ಟಲೆ ನೀರು ಹೀರಿ ಮೈತುಂಬ ಬೊಕ್ಕೆ ಏಳಿಸಿಕೊಂಡಿರುವುದೂ ಉಂಟು. ಹಾಯಿಕಂಬವನ್ನು ಬಿಗಿದಿಟ್ಟ ಉಕ್ಕಿನ ತಂತಿಗಳು ನೋಡಲು ಹೊಳೆಯುತ್ತಿರುತ್ತವೆ, ಬಿರುಕು ಇರುವುದು ಅವುಗಳ ತುದಿಯ ಜೋಡಣೆಯೊಳಗೆ. ಹತ್ತು-ಹದಿನೈದು ವರ್ಷ ದಾಟಿದ ತಂತಿಗಳನ್ನು ಬದಲಿಸದೆ ವಿಮೆ ಕೊಡಲು ಅನೇಕ ಕಂಪನಿಗಳು ಒಪ್ಪುವುದಿಲ್ಲ.

ಎಂಜಿನ್ನಿನದು ಬೇರೆಯದೇ ಕಥೆ. ಅನುಭವಸ್ಥ ಗಿರಾಕಿ ಬಂದವನೇ ಅದರ ಮೇಲೆ ಕೈಯಿಟ್ಟು ನೋಡುತ್ತಾನೆ. ಬೆಚ್ಚಗಿದ್ದರೆ ಅನುಮಾನ ಹುಟ್ಟುತ್ತದೆ, ಏಕೆಂದರೆ ತಣ್ಣಗಿದ್ದಾಗ ಹಟ ಮಾಡುವ ಎಂಜಿನ್ನನ್ನು ಮಾಲೀಕ ಮೊದಲೇ ಓಡಿಸಿಟ್ಟಿರಬಹುದು.

ಇಷ್ಟಾದರೂ ಕೊಂಡ ಬೆಲೆ ಲೆಕ್ಕದ ಮೊದಲ ಸಾಲು ಮಾತ್ರ. ಭೂಮಿಯನ್ನು ಒಬ್ಬನೇ ಹಾಯಿದೋಣಿಯಲ್ಲಿ ಮೊದಲು ಸುತ್ತಿದ ಜೋಶುವಾ ಸ್ಲೋಕಮ್‌ಗೆ 1892ರಲ್ಲಿ ‘ಸ್ಪ್ರೇ’ ಎಂಬ ಮುದಿ ದೋಣಿ ಬಿಟ್ಟಿಯಾಗಿಯೇ ಸಿಕ್ಕಿತ್ತು. ಮ್ಯಾಸಚುಸೆಟ್ಸ್‌ನ ಹೊಲವೊಂದರಲ್ಲಿ ಅದು ಬಿದ್ದುಕೊಂಡಿತ್ತು. ಆತ ಅದನ್ನು ಹೊಸದಾಗಿಯೇ ಕಟ್ಟಬೇಕಾಯಿತು. ಸಾಮಗ್ರಿಗೆ 553 ಡಾಲರ್ 62 ಸೆಂಟ್ ಖರ್ಚಾಯಿತು, ಸ್ವಂತ ದುಡಿಮೆ ಹದಿಮೂರು ತಿಂಗಳು.

ಇನ್ನು ದೋಣಿಯನ್ನು ತರುವ ಮಾತು. ಹಾಯಿಕಂಬ ಇಳಿಸಿ ಲಾರಿಯ ಮೇಲೆ ಹೇರಿ ತರಬಹುದು, ಇಲ್ಲವೇ ನೀರಿನಲ್ಲೇ ನಡೆಸಿ ತರಬಹುದು. ಹೊಸ ಮಾಲೀಕರಿಗೆ ಎರಡನೆಯದರ ಮೇಲೆ ಆಸೆ, ಆಪತ್ತೂ ಅಲ್ಲೇ. ವರ್ಷಗಟ್ಟಲೆ ಕಟ್ಟಿಹಾಕಿದ್ದ ದೋಣಿಯ ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ, ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟಿರುತ್ತದೆ. ಶಾಂತ ನೀರಿನಲ್ಲಿ ನಡೆಸಿ ನೋಡುವಾಗ ಅದು ಅಲುಗುವುದಿಲ್ಲ. ತೆರೆಗಳು ದೋಣಿಯನ್ನು ಕುಲುಕಿದಾಗ ಎಲ್ಲ ಕದಡಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹಾಯಿ ಇಳಿಸಿ ಬಂದರಿನ ಬಾಯಿ ಹೊಗುವ ಹೊತ್ತಿಗೆ ಎಂಜಿನ್ ನಿಂತರೆ ಕಲ್ಲಿನ ಅಲೆತಡೆಗೋಡೆ ಎದುರಿಗೇ ಇರುತ್ತದೆ! ಅದಕ್ಕೇ ತಿಳಿದವರು ಬಿಡಿ ಫಿಲ್ಟರುಗಳನ್ನು ಕೈಗೆಟುಕುವಲ್ಲಿ ಇಟ್ಟುಕೊಂಡಿರುತ್ತಾರೆ. ನೀರಿನ ಮಟ್ಟದ ಕೆಳಗೆ ಒಡಲಿಗೆ ಕೊರೆದ ಪ್ರತಿ ತೂತಿನ ಪಕ್ಕದಲ್ಲೂ ಮರದ ಬಿರಡೆಯೊಂದನ್ನು ದಾರದಿಂದ ಕಟ್ಟಿರುತ್ತಾರೆ. ಮೊದಲ ಪಯಣವನ್ನು ದಡದ ಅಂಚಿನಲ್ಲೇ, ಹಗಲಿನಲ್ಲೇ, ಬಂದರಿನಿಂದ ಬಂದರಿಗೆ ಮಾಡುವುದು ಹೇಡಿತನವಲ್ಲ.

ತಂದ ದೋಣಿಯನ್ನು ನಿಲ್ಲಿಸುವುದು ಮರೀನಾದಲ್ಲಿ, ಎಂದರೆ ಇಂಥ ಖಾಸಗಿ ದೋಣಿಗಳಿಗೆಂದೇ ಕಟ್ಟಿದ ದಕ್ಕೆಯಲ್ಲಿ. ಕೊಚ್ಚಿಯ ಬೋಲ್ಗಾಟ್ಟಿಯಲ್ಲಿ ಅಂಥದೊಂದಿದೆ. ತೇಲುವ ಕಟ್ಟೆಗಳ ನಡುವೆ ಪ್ರತಿ ದೋಣಿಗೂ ಒಂದೊಂದು ಜಾಗ, ಕುಡಿಯುವ ನೀರು, ಕರೆಂಟು. ಒಳಗೆ ತಿರುಗಲು ಜಾಗ ಕಡಿಮೆ. ಹಾಯಿದೋಣಿಗೆ ಬ್ರೇಕಂತೂ ಇಲ್ಲ. ಗಾಳಿ ಪಕ್ಕದಿಂದ ಬೀಸಿದರೆ ನೆರೆಯ ದೋಣಿಯ ಮೈ ಉಜ್ಜುವುದು ಖಂಡಿತ. ರೇಡಿಯೋದಲ್ಲಿ ಮೊದಲೇ ಜಾಗದ ಸಂಖ್ಯೆ ಕೇಳಿಕೊಂಡು, ರಬ್ಬರ್ ಬುಗ್ಗೆಗಳನ್ನು ಎರಡೂ ಬದಿಗೆ ಇಳಿಬಿಟ್ಟು, ಹಗ್ಗ ಸಿದ್ಧವಾಗಿಟ್ಟುಕೊಂಡು ಒಳಬರುವುದು ರೂಢಿ. ಬಾಡಿಗೆ ಸಾಮಾನ್ಯವಾಗಿ ಉದ್ದದ ಲೆಕ್ಕದಲ್ಲಿ. ಹಲವು ಮರೀನಾಗಳಲ್ಲಿ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬವನ್ನೂ ಅಳತೆಗೆ ಸೇರಿಸುತ್ತಾರೆ. ಕಾಗದದಲ್ಲಿ 36 ಅಡಿ ಎಂದು ಕೊಂಡ ದೋಣಿಗೆ 40 ಅಡಿಯ ಬಿಲ್ಲು ಬಂದಾಗ ಹೊಸ ಮಾಲೀಕ ಟೇಪು ಹಿಡಿದು ತಾನೇ ಅಳೆಯಲು ಹೋಗುತ್ತಾನೆ. ಕಚೇರಿಯ ಅಳತೆಯೇ ಸರಿ ಇರುತ್ತದೆ.