ಪ್ರೋಟೀನಿಗೊಂದು ಕೊಬ್ಬಿನ ಬಾಲ: ಗಿಡ ಬಾಡೋದಕ್ಕೂ ಇದಕ್ಕೂ ಏನು ಸಂಬಂಧ?

ಮಧ್ಯಾಹ್ನ ಟೊಮ್ಯಾಟೊ ಎಲೆ ಸೊರಗಿದ್ರೆ ನಾವು ಮೊದಲು ಓಡೋದು ಮೋಟಾರ್ ಕಡೆಗೆ. ಹೋದ ಬೇಸಿಗೆ ಹಾಗೆ ನೀರು ಬಿಟ್ಟು ಬಿಟ್ಟು ಎರಡು ಸಾಲಿನ ಬೇರು ಕೊಳೆಸಿದವನು ನಾನೇ.

ಗಿಡ ಸುಮ್ಮನೆ ಕೂತಿರಲ್ಲ. ಮಣ್ಣು ಒಣಗಿದಂತೆ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ಹೆಚ್ಚಿ, ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುತ್ತೆ. ನೀರು ಉಳಿಯುತ್ತೆ.

ಈ ಹಾರ್ಮೋನಿಗೆ ಗಿಡ ಎಷ್ಟು ಕಿವಿಗೊಡಬೇಕು ಅನ್ನೋದರಲ್ಲಿ ಕೊಬ್ಬಿಗೂ ಪಾಲಿದೆ. ಜೀವಕೋಶದ ಒಂದು ಕಿಣ್ವ ಕೆಲವು ಪ್ರೋಟೀನ್‌ಗಳ ತುದಿಗೆ 15 ಇಂಗಾಲದ ಫಾರ್ನೆಸಿಲ್ ಎಂಬ ಜಿಡ್ಡಿನ ಬಾಲ ಅಂಟಿಸುತ್ತೆ. ಎಣ್ಣೆಗೆ ಎಣ್ಣೆ ಸೇರಿದ ಹಾಗೆ ಆ ಪ್ರೋಟೀನ್ ಹೋಗಿ ಪೊರೆಗೆ ಅಂಟಿಕೊಳ್ಳುತ್ತೆ. ಸಾಸಿವೆಯ ನೆಂಟ ಅರಾಬಿಡಾಪ್ಸಿಸ್‌ನಲ್ಲಿ ಈ ಕಿಣ್ವ ಕೆಟ್ಟಿರುವ 'ಇರಾ1' ಗಿಡದ ವರದಿ ಬಂದದ್ದು 1996ರಲ್ಲಿ. ಅತ್ಯಲ್ಪ ಹಾರ್ಮೋನಿಗೂ ಅದರ ಬೀಜ ಮೊಳೆಯೋದು ನಿಲ್ಲಿಸುತ್ತೆ. ಬರದಲ್ಲಿ ಗಿಡ ನಿಧಾನವಾಗಿ ಬಾಡುತ್ತೆ.

ಹಾಗಾದ್ರೆ ಕಿಣ್ವವನ್ನೇ ತೆಗೆದುಬಿಟ್ರೆ? ಆ ಗಿಡ ತಡವಾಗಿ ಹೂ ಬಿಡುತ್ತೆ, ಕೆಲವು ರೋಗಕ್ಕೆ ಬೇಗ ತುತ್ತಾಗುತ್ತೆ. ಅದಕ್ಕೇ ಕೆನಡಾದವರು ಕ್ಯಾನೋಲಾದಲ್ಲಿ ಬರ ಬಂದಾಗ ಮಾತ್ರ ಕಿಣ್ವ ತಗ್ಗುವಂತೆ ಮಾಡಿದರು. 2005ರ ವರದಿ ಪ್ರಕಾರ ಹೂ ಹಂತದ ಸಾಧಾರಣ ಬರದಲ್ಲಿ ಇಳುವರಿ ಉಳಿಯಿತು, ನೀರಿದ್ದಾಗಲೂ ನಷ್ಟವಾಗಲಿಲ್ಲ. ಅದು ಕುಲಾಂತರಿ, ನನ್ನ ಸಾವಯವ ಹೊಲಕ್ಕೆ ಬರೋದಲ್ಲ.

ಆದ್ರೆ ಇದನ್ನ ಓದಿದ ಮೇಲೆ ಮೋಟಾರ್ ಕಡೆ ಓಡೋದು ಬಿಟ್ಟೆ. ಸಂಜೆ ಎಲೆ ತಾನೇ ಎದ್ದು ನಿಂತ್ರೆ ಗಾಬರಿ ಬೇಡ. ಬೆಳಗ್ಗೆಯೂ ಬಾಡಿದ್ರೆ ಗೇಣುದ್ದ ಅಗೆದು ಮಣ್ಣು ಹಿಂಡಿ ನೋಡಿ. ಒಣಗಿದ್ರೆ ನೀರು ಕೊಡಿ. ಹಸಿಯಿದ್ದೂ ಬಾಡಿದ್ರೆ ಒಂದು ಗಿಡ ಕಿತ್ತು ಬೇರು ನೋಡಿ.