ನೀರಿನ ಧಾರೆ, ಎರೆಮಣ್ಣಿನ ಅಂಟು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯಲ್ಲಿ ಮನೆಯನ್ನು ಚೊಕ್ಕಟವಾಗಿಟ್ಟುಕೊಳ್ಳಬೇಕೆಂದು ಬಯಸುವ ಗೃಹಸ್ಥನಿಗೆ ಎದುರಾಗುವ ಮಾಲಿನ್ಯವು ಏಕವಿಧವಾದುದಲ್ಲ. ಬೇಸಗೆಯ ಬಿಸಿಗಾಳಿಯೊಡನೆ ಬಂದು ಕಿಟಕಿಯ ಜಾಲರಿಯಲ್ಲಿ ನೆಲೆಸುವ ನವುರಾದ ಧೂಳು ಒಂದು. ಅಕ್ಕಿ ಗಿರಣಿಗಳಿಗೆ ಹತ್ತಿರವಾದ ಬಡಾವಣೆಗಳಲ್ಲಿ ಭತ್ತದ ಹೊಟ್ಟು ಉರಿದು ಉಳಿದ ಬೂದಿ ಮಾಳಿಗೆಯ ಮೇಲೆ ಕಪ್ಪಾಗಿ ಕೂರುವುದು ಇನ್ನೊಂದು. ಮಳೆಗಾಲದಲ್ಲಿ ದೇವದುರ್ಗ, ಮಾನ್ವಿಗಳ ಹೊಲಗಳಿಂದ ಟ್ರ್ಯಾಕ್ಟರಿನ ಗಾಲಿಗೂ ಬಂಡಿಯ ಅಚ್ಚಿಗೂ ಮನುಷ್ಯರ ಕಾಲಿನ ಮೆಟ್ಟಿಗೂ ಮೆತ್ತಿಕೊಂಡು ಅಂಗಳದ ಫರಸಿಯವರೆಗೆ ಬಂದು ಒಣಗುವ ಎರೆಮಣ್ಣು ಮೂರನೆಯದು. ಮೊದಲಿನ ಎರಡಕ್ಕೆ ಪೊರಕೆಯೂ ಒದ್ದೆ ಬಟ್ಟೆಯೂ ಬಹುಮಟ್ಟಿಗೆ ಸಾಕಾದರೆ, ಮೂರನೆಯದು ಮಾತ್ರ ಬಕೀಟುಗಟ್ಟಲೆ ನೀರು ಸುರಿದರೂ ಬಿಡುವುದಿಲ್ಲ. ಹಿಂದೆ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಮಾತ್ರ ಕಾಣಸಿಗುತ್ತಿದ್ದ, ಈಗ ಮನೆಗಳಿಗೂ ಬರುತ್ತಿರುವ ವಿದ್ಯುತ್ ಪ್ರೆಶರ್ ವಾಷರ್ ಎಂಬ ಯಂತ್ರವನ್ನು ಕೊಳ್ಳಹೊರಟವರು, ಅದು ಯಾವ ಕೆಲಸವನ್ನು ಹೇಗೆ ಮಾಡುತ್ತದೆಂಬುದನ್ನು ಈ ಮಣ್ಣಿನಿಂದಲೇ ಆರಂಭಿಸಿ ತಿಳಿದುಕೊಳ್ಳುವುದು ಉಚಿತ.

ಎರೆಮಣ್ಣಿನಲ್ಲಿ ಪ್ರಧಾನವಾಗಿರುವುದು ಮಾಂಟ್‌ಮೊರಿಲ್ಲೊನೈಟ್ ವರ್ಗಕ್ಕೆ ಸೇರಿದ ಜೇಡಿ ಖನಿಜ. ಅದರ ಕಣವು ಓಲೆಗರಿಯ ಕಟ್ಟಿನಂತೆ ಅತಿ ತೆಳುವಾದ ಪದರಗಳ ಮೇಲೆ ಪದರಗಳಾಗಿ ರಚಿತವಾಗಿದ್ದು, ನೀರು ಆ ಪದರಗಳ ಸಂದುಗಳನ್ನು ಪ್ರವೇಶಿಸಿದಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯ ಹೊಲಗಳಲ್ಲಿ ಬಾಯಿಬಿಡುವ ಬಿರುಕುಗಳಿಗೂ, ಗಾಲಿಯ ಮೇಲೆ ಕಲ್ಲಿನಂತಾಗುವ ಹೆಂಟೆಗೂ ಕಾರಣ ಒಂದೇ. ಒಣಗಿದ ಹೆಂಟೆಯ ಮೇಲೆ ಎಷ್ಟೇ ರಭಸದಿಂದ ನೀರು ಹಾಯಿಸಿದರೂ ಅದು ಚೂರುಚೂರಾಗಿ ಸಿಡಿಯುವುದೇ ಹೊರತು ತಳದ ತೆಳುಪೊರೆ ಹಾಗೆಯೇ ಉಳಿಯುತ್ತದೆ. ಮೊದಲು ಸಾಧಾರಣ ನೀರಿನಿಂದ ನೆನೆಸಿ, ಹತ್ತು ಹದಿನೈದು ನಿಮಿಷ ಬಿಟ್ಟು, ಪದರಗಳು ಸಡಿಲಗೊಂಡ ಮೇಲೆ ಧಾರೆಯನ್ನು ಪ್ರಯೋಗಿಸಿದರೆ ಕಡಿಮೆ ಬಲದಲ್ಲಿಯೇ ಕಾರ್ಯ ಸಿದ್ಧಿಸುತ್ತದೆ. ಈ ಒಂದು ಕ್ರಮವನ್ನು ಅರಿತವನು ದುಬಾರಿ ಯಂತ್ರದ ಗೊಡವೆಗೆ ಹೋಗಬೇಕಾದ ಪ್ರಮೇಯವೇ ಅನೇಕ ವೇಳೆ ಬರುವುದಿಲ್ಲ.

ಸುರಿದ ನೀರು ಏಕೆ ತೊಳೆಯಲಾರದೆಂಬ ಪ್ರಶ್ನೆಗೆ ಜರ್ಮನಿಯ ಲುಡ್‌ವಿಗ್ ಪ್ರಾಂಟ್ಲ್ 1904ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಉತ್ತರವುಂಟು. ಯಾವ ದ್ರವವೇ ಆಗಲಿ ಘನವಸ್ತುವಿನ ಮೇಲೆ ಹರಿಯುವಾಗ, ಆ ವಸ್ತುವನ್ನು ಮುಟ್ಟಿರುವ ದ್ರವವು ಅಲುಗದೆ ನಿಂತಿರುತ್ತದೆ. ಅದಕ್ಕೆ ಹತ್ತಿದ ಒಂದು ತೆಳುಪದರದಲ್ಲಿ ವೇಗವು ಶೂನ್ಯದಿಂದ ಕ್ರಮೇಣ ಏರಿ ಹೊರಗಿನ ಪ್ರವಾಹದ ವೇಗವನ್ನು ಮುಟ್ಟುತ್ತದೆ. ಸೂಕ್ಷ್ಮವಾದ ಮಣ್ಣಿನ ಕಣಗಳು ಈ ನಿಧಾನದ ಪದರದೊಳಗೆ ಸುರಕ್ಷಿತವಾಗಿ ಅಡಗಿರುವುದರಿಂದ ಮೇಲೆ ಹರಿಯುವ ನೀರು ಅವನ್ನು ತಾಕದೆ ಸಾಗಿಹೋಗುತ್ತದೆ. ಪ್ರವಾಹದ ವೇಗವನ್ನು ಬಹುವಾಗಿ ಹೆಚ್ಚಿಸಿದರೆ ಈ ಪದರ ಅತ್ಯಂತ ತೆಳುವಾಗಿ, ಕಣಗಳ ಮೇಲೆ ನೇರವಾಗಿ ಎಳೆತ ಬೀಳುತ್ತದೆ. ಪ್ರೆಶರ್ ವಾಷರಿನ ಸಾಮರ್ಥ್ಯವೆಲ್ಲವೂ ಈ ವೇಗದಲ್ಲಿದೆ.

ಯಂತ್ರದ ಒಳಗಿನ ರಚನೆ ಸರಳವಾದುದು. ಮೋಟಾರು ಓರೆಯಾಗಿ ಕೂರಿಸಿದ ಒಂದು ತಟ್ಟೆಯನ್ನು ತಿರುಗಿಸುತ್ತದೆ. ಅದರ ಓಲಾಟಕ್ಕೆ ಸಿಕ್ಕಿದ, ಸಾಮಾನ್ಯವಾಗಿ ಮೂರು ಇರುವ ಪಿಸ್ಟನ್‌ಗಳು ಒಂದಾದ ಮೇಲೊಂದರಂತೆ ಹಿಂದಕ್ಕೂ ಮುಂದಕ್ಕೂ ಚಲಿಸಿ, ಏಕಮುಖ ಕವಾಟಗಳ ಮೂಲಕ ನೀರನ್ನು ಎಳೆದುಕೊಂಡು ಮುಂದಕ್ಕೆ ತಳ್ಳುತ್ತವೆ. ಹೊರಹೋಗುವ ದಾರಿ ಸುಮಾರು ಒಂದು ಮಿಲಿಮೀಟರಿನ ರಂಧ್ರ ಮಾತ್ರವಾದುದರಿಂದ ನೀರು ಅಲ್ಲಿ ಇಕ್ಕಟ್ಟಿಗೆ ಸಿಕ್ಕಿ ಒತ್ತಡ ಏರುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ತೊರಿಚೆಲ್ಲಿ ಕಂಡುಹಿಡಿದ ನಿಯಮದಂತೆ ಆ ಒತ್ತಡವೇ ವೇಗವಾಗಿ ಪರಿಣಮಿಸುತ್ತದೆ. ನೂರು ಬಾರ್, ಎಂದರೆ ಸಾವಿರ ಮೀಟರಿಗೂ ಮಿಕ್ಕಿದ ನೀರಿನ ಕಂಬದ ಭಾರಕ್ಕೆ ಸಮನಾದ ಒತ್ತಡದಲ್ಲಿ ಧಾರೆಯು ಸೆಕೆಂಡಿಗೆ ಸುಮಾರು 140 ಮೀಟರ್, ಗಂಟೆಗೆ 500 ಕಿಲೋಮೀಟರಿನಷ್ಟು ವೇಗದಿಂದ ಹೊರಡುತ್ತದೆ. ಜರ್ಮನಿಯ ಆಲ್ಫ್ರೆಡ್ ಕೇರ್ಷರ್ ಎಂಬಾತನು ಬಿಸಿನೀರಿನ ಇಂತಹ ಯಂತ್ರವನ್ನು 1950ರಲ್ಲಿ ನಿರ್ಮಿಸಿದನು. ಅವನ ಸಂಸ್ಥೆಯೇ 1984ರಲ್ಲಿ, ಒಬ್ಬ ಮನುಷ್ಯ ಹೊತ್ತೊಯ್ಯಬಹುದಾದ ಯಂತ್ರವನ್ನು ಮನೆಬಳಕೆಗೆ ಹೊರತಂದಿತು. ಹತ್ತಿಗೂ ಮೆಣಸಿನಕಾಯಿಗೂ ಔಷಧಿ ಹೊಡೆಯುವ ಎಚ್‌ಟಿಪಿ ಪಂಪನ್ನು ಬಲ್ಲ ನಮ್ಮ ರೈತರಿಗೆ ಪಿಸ್ಟನ್ ನೀರನ್ನು ತಳ್ಳುವ ಈ ಬಗೆ ಹೊಸದಲ್ಲ. ಆದರೆ ಆ ಪಂಪಿನಿಂದಲೇ ಮನೆಯನ್ನೂ ತೊಳೆಯುವ ಯೋಚನೆಯನ್ನು ಮಾತ್ರ ಯಾರೂ ಮಾಡಕೂಡದು. ಕೊಳವೆಯಲ್ಲಿ ಉಳಿದ ಕೀಟನಾಶಕದ ಅಂಶವು ಮಕ್ಕಳು ಅಂಬೆಗಾಲಿಡುವ ನೆಲಕ್ಕೆ ಇಳಿಯುತ್ತದೆ.

ಇನ್ನು ಆಯ್ಕೆಯ ಮಾತು. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿತವಾದ ಬಾರ್ ಸಂಖ್ಯೆಯೊಂದನ್ನೇ ನೋಡಿ ಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಒತ್ತಡವು ಮಣ್ಣನ್ನು ಕೀಳುತ್ತದೆ, ಆದರೆ ಕಿತ್ತ ಮಣ್ಣನ್ನು ಸಾಗಿಸುವುದು ನೀರಿನ ಪ್ರಮಾಣ. ಇವೆರಡರ ಗುಣಲಬ್ಧವೇ ಧಾರೆಯ ನಿಜವಾದ ಶಕ್ತಿ. ಬಾರ್ ಸಂಖ್ಯೆಯನ್ನು ನಿಮಿಷಕ್ಕೆ ಹರಿಯುವ ಲೀಟರುಗಳಿಂದ ಗುಣಿಸಿ 600ರಿಂದ ಭಾಗಿಸಿದರೆ ಆ ಶಕ್ತಿಯು ಕಿಲೋವ್ಯಾಟುಗಳಲ್ಲಿ ದೊರೆಯುತ್ತದೆ. 110 ಬಾರ್, ಐದೂವರೆ ಲೀಟರ್ ಎಂದು ಹೇಳಿಕೊಳ್ಳುವ ಯಂತ್ರಕ್ಕೆ ಈ ಲೆಕ್ಕದಲ್ಲಿ ಒಂದು ಕಿಲೋವ್ಯಾಟ್ ಬರುವುದು. ಅದರ ಮೋಟಾರು 1400 ವ್ಯಾಟಿನದಾಗಿದ್ದರೆ, ಘರ್ಷಣೆಗೂ ಕಾವಿಗೂ ನಷ್ಟವಾಗುವುದನ್ನು ಕಳೆದು, ಹೇಳಿಕೆ ನಂಬತಕ್ಕದ್ದು. 150 ಬಾರ್, ಏಳೂವರೆ ಲೀಟರ್ ಎಂದು ಬರೆದಿದ್ದರೆ ಧಾರೆಯಲ್ಲಿಯೇ 1875 ವ್ಯಾಟ್ ಇರಬೇಕು. ಅದೇ ಪೆಟ್ಟಿಗೆಯ ಬದಿಯಲ್ಲಿ ಮೋಟಾರು 1800 ವ್ಯಾಟ್ ಎಂದಿದ್ದರೆ, ಕೊಟ್ಟುದಕ್ಕಿಂತ ಹೆಚ್ಚನ್ನು ಹಿಂದಿರುಗಿಸುವ ಯಂತ್ರವು ಪ್ರಕೃತಿಯಲ್ಲಿ ಇಲ್ಲದಿರುವುದರಿಂದ, ಆ ಸಂಖ್ಯೆಗಳೆರಡೂ ಏಕಕಾಲಕ್ಕೆ ಸತ್ಯವಾಗಿರಲಾರವು. ಗರಿಷ್ಠ ಒತ್ತಡವೆಂಬುದು ಕ್ಷಣಮಾತ್ರದ ಮಾತು. ಕೆಲಸ ಮಾಡುವಾಗ ನಿಲ್ಲುವ ಒತ್ತಡವನ್ನೂ, ಆಗ ಹೊರಬರುವ ನೀರಿನ ಪ್ರಮಾಣವನ್ನೂ ಅಂಗಡಿಯವರಲ್ಲಿ ಕೇಳಿ ತಿಳಿಯಬೇಕು. ಅಂಗಳ, ಬೈಕು, ಕಾರು, ಕಂಪೌಂಡು ಗೋಡೆಗಳಿಗೆ ನಿಜವಾದ ನೂರು ಬಾರ್ ಧಾರಾಳವಾಗಿ ಸಾಕೆಂಬುದು ನನ್ನ ಅಭಿಪ್ರಾಯ.

ನೀರಿನ ವಿಷಯದಲ್ಲಿ ನಮ್ಮ ಸೀಮೆಯವರು ಅತ್ಯಂತ ಎಚ್ಚರಿಕೆಯಿಂದ ಗಮನಿಸಬೇಕಾದ, ಆದರೆ ಎಲ್ಲರೂ ಅಲಕ್ಷಿಸುವ ಒಂದು ಸಾಲು ಕೈಪಿಡಿಯಲ್ಲಿರುತ್ತದೆ: ಒಳಬರುವ ನೀರಿನ ಉಷ್ಣತೆಯು 40 ಡಿಗ್ರಿಯನ್ನು ಮೀರಬಾರದು. ಗೃಹಬಳಕೆಯ ತಣ್ಣೀರಿನ ಯಂತ್ರಗಳಲ್ಲಿ ಬಹುತೇಕ ಎಲ್ಲಕ್ಕೂ ಇದೇ ಮಿತಿ. ಶೀತಪ್ರದೇಶದವರಿಗೆ ಈ ಸಾಲು ನಿರರ್ಥಕವಾಗಿ ತೋರಬಹುದು. ಆದರೆ ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನ ಗಾಳಿಯೇ ನಲವತ್ತನ್ನು ದಾಟುವ ರಾಯಚೂರಿನಲ್ಲಿ, ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟಾಕಿಯ ನೀರು ಮಧ್ಯಾಹ್ನದ ಹೊತ್ತಿಗೆ ಕೈಯಿಡಲಾರದಷ್ಟು ಕಾದಿರುವುದನ್ನು ಕಾಣದವರು ಯಾರು? ಅಂತಹ ನೀರನ್ನು ಊಡಿಸಿದಾಗ ಪಿಸ್ಟನ್ ಸುತ್ತಣ ರಬ್ಬರಿನ ಸೀಲುಗಳು ಮೆತ್ತಗಾಗಿ ಸವೆದು ಒತ್ತಡ ಸೋರಲಾರಂಭಿಸುತ್ತದೆ. ಬೇಸಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ತೊಳೆಯುವುದು, ಅಥವಾ ನೆಲದಡಿಯ ಸಂಪಿನಿಂದ ನೀರೆಳೆಯಬಲ್ಲ ಯಂತ್ರವನ್ನೇ ಆರಿಸುವುದು ಇದಕ್ಕೆ ತಕ್ಕ ಉಪಾಯ. ಸ್ವತಃ ನೀರೆಳೆಯುವ ಸಾಮರ್ಥ್ಯವು ಹಲವು ಯಂತ್ರಗಳಲ್ಲಿ ಅರ್ಧ ಮೀಟರ್ ಆಳಕ್ಕಷ್ಟೇ ಸೀಮಿತವಾದುದರಿಂದ, ತಳಕ್ಕಿಳಿದ ಸಂಪಿನ ಬದಲು ನೆಲದ ಮೇಲಿಟ್ಟ ಡ್ರಮ್ಮು ಹೆಚ್ಚು ನಂಬಿಕೆಗೆ ಅರ್ಹ.

ಬೋರಿನ ನೀರಿನಲ್ಲಿ ಬರುವ ಮರಳಿನ ಕಣ ಪಿಸ್ಟನ್ನಿನ ನಯವಾದ ಮೈಯನ್ನು ಗೀರಿ ಕೆಡಿಸುತ್ತದೆ. ಆದುದರಿಂದ ಯಂತ್ರಕ್ಕೆ ನೀರು ಒಳಬರುವ ಬಾಯಿಯ ಜಾಲರಿಯನ್ನು ಬಿಚ್ಚಿ ತೊಳೆಯಲು ಬರುವಂತಿರಬೇಕು. ಯಂತ್ರದಿಂದ ತೊಳೆದರೆ ನಿಮಿಷಕ್ಕೆ ಆರು ಲೀಟರಿನಂತೆ ಅರ್ಧ ಗಂಟೆಗೆ 180 ಲೀಟರ್ ಖರ್ಚಾಗುವುದು. ನಳಕ್ಕೆ ಸಿಕ್ಕಿಸಿದ ಬರಿಯ ಪೈಪಿನಿಂದ ನಿಮಿಷಕ್ಕೆ ಹದಿನೈದು ಲೀಟರ್ ಹರಿಯುವುದು ಸಾಮಾನ್ಯವಾಗಿರುವಾಗ, ಟ್ಯಾಂಕರಿಗಾಗಿ ಕಾಯುವ ಬೀದಿಗಳಿಗೆ ಇದು ಅಲ್ಪವಾದ ಉಳಿತಾಯವಲ್ಲ.

ವಿದ್ಯುತ್ತಿಗೆ ಸಂಬಂಧಿಸಿದಂತೆ, 1800 ವ್ಯಾಟಿನ ಯಂತ್ರವು ಸುಮಾರು ಎಂಟು ಆಂಪಿಯರ್ ಎಳೆಯುವುದರಿಂದ ಗೋಡೆಯ ಸಣ್ಣ ಪ್ಲಗ್ಗು ಅದಕ್ಕೆ ಯೋಗ್ಯವಲ್ಲ, 16 ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ಇಪ್ಪತ್ತು ಮೀಟರ್ ಉದ್ದದ ತೆಳು ತಂತಿಯಲ್ಲಿ ಏಳೆಂಟು ವೋಲ್ಟು ದಾರಿಯಲ್ಲಿಯೇ ಕಾವಾಗಿ ನಷ್ಟವಾಗುತ್ತದೆ. ಎಕ್ಸ್‌ಟೆನ್ಶನ್ ಅನಿವಾರ್ಯವಾದರೆ ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಸುರುಳಿಯಿಂದ ಪೂರ್ತಿಯಾಗಿ ಬಿಚ್ಚಿ ಹಾಸಬೇಕು. ಕಾರ್ಬನ್ ಬ್ರಶ್ಶಿನ ಮೋಟಾರು ಹಗುರ, ಅಗ್ಗ, ಸದ್ದು ಬಹಳ. ಇಂಡಕ್ಷನ್ ಮೋಟಾರು ಭಾರ, ದುಬಾರಿ, ಆದರೆ ದೀರ್ಘಾಯು. ವೋಲ್ಟೇಜು ಕುಸಿಯುವ ಹಳ್ಳಿಗಳಲ್ಲಿ ಮೊದಲನೆಯದು ಬಲಗುಂದುವುದಷ್ಟೇ. ಎರಡನೆಯದು ಹೊರೆಯನ್ನು ಬಿಡದೆ ಹೆಚ್ಚು ಪ್ರವಾಹವನ್ನು ಎಳೆದು ಕಾಯುತ್ತದೆ. ನೀರೂ ವಿದ್ಯುತ್ತೂ ಒಂದೇ ಅಂಗಳದಲ್ಲಿ ಕೂಡುವ ಈ ಕೆಲಸಕ್ಕೆ, 30 ಮಿಲಿಆಂಪಿಯರ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಯಂತ್ರಕ್ಕಿಂತ ಮೊದಲು ಅದನ್ನು ಹಾಕಿಸಲೇಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ಧಾರೆಯನ್ನು ಎಲ್ಲಿ ಹಿಡಿಯಬೇಕೆಂಬ ವಿವೇಕವೂ ಅಗತ್ಯ. ಶಹಾಬಾದಿನ ಫರಸಿಯು ಪದರಪದರವಾಗಿ ರಚಿತವಾದ ಸುಣ್ಣಕಲ್ಲು; ಹಳೆಯ ಹಾಸುಗಳ ಅಂಚಿಗೆ ನೇರಧಾರೆಯನ್ನು ಹಿಡಿದರೆ ಪದರ ಏಳುತ್ತದೆ, ಸಂದಿನ ಗಾರೆ ಕಿತ್ತುಬರುತ್ತದೆ. ಬೀಸಣಿಗೆಯಾಕಾರದಲ್ಲಿ ಹರಡುವ ಮೂತಿಯನ್ನು ಹಾಕಿ, ಒಂದು ಮೊಳ ದೂರದಿಂದ ಓರೆಯಾಗಿ ಬೀಸಬೇಕು. ಬೈಕಿನ ಟೈರುಗಳಿಗೂ ಇದೇ ದೂರ. ಚಕ್ರದ ಬೇರಿಂಗಿಗೆ ಹಿಡಿದರೆ ಗ್ರೀಸು ತೊಳೆದುಹೋಗುತ್ತದೆ. ಕೂಲರಿನ ಹುಲ್ಲಿನ ಪ್ಯಾಡು ಚಿಂದಿಯಾಗುವುದಲ್ಲದೆ, ಅದರ ತೊಟ್ಟಿಯಲ್ಲಿ ಗಡಸು ನೀರು ಬಿಟ್ಟುಹೋದ ಬಿಳಿಯ ಗಟ್ಟಿಪೊರೆಯು ಬಹಳ ಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದುದರಿಂದ ಧಾರೆಗಿಂತ ಹುಣಸೆಯ ಹುಳಿಗೆ ಬೇಗ ಕರಗುತ್ತದೆ. ಸುಡುಬಿಸಿಲಿನಲ್ಲಿ ಕಾದ ಸೌರಫಲಕದ ಮೇಲೆ ತಣ್ಣೀರಿನ ಧಾರೆಯನ್ನು ಬಿಡುವುದು ಗಾಜಿಗೆ ಅಪಾಯಕರ. ಗಬ್ಬೂರಿನ ಗುಡಿಗಳ ಕಲ್ಲುಗಳಿಗಾಗಲಿ, 1294ರ ಶಾಸನವನ್ನು ಹೊತ್ತ ರಾಯಚೂರು ಕೋಟೆಯ ಗೋಡೆಗಾಗಲಿ ಜಾತ್ರೆ ಉತ್ಸವಗಳ ಭಕ್ತಿಯಿಂದಲೂ ಈ ಯಂತ್ರವನ್ನು ಸೋಕಿಸಬಾರದು; ಮಣ್ಣಿನೊಡನೆ ಕಲ್ಲಿನ ಮೇಲ್ಮೈಯೂ ಅಕ್ಷರದ ಅಂಚೂ ಹೋದರೆ ಮರಳಿ ಬರುವಂತಿಲ್ಲ.

ಈ ಧಾರೆ ಮನುಷ್ಯನ ಚರ್ಮವನ್ನು ಭೇದಿಸಬಲ್ಲುದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಕೊಳೆನೀರು ಸ್ನಾಯುಗಳ ನಡುವೆ ಹರಡಿ ಬೆರಳನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದಾದುದರಿಂದ, ಅಂತಹ ಗಾಯವನ್ನು ಅರಿಸಿನ ಹಚ್ಚಿ ಸುಮ್ಮನಾಗದೆ ಆ ಕೂಡಲೇ ಆಸ್ಪತ್ರೆಗೆ ತೋರಿಸಿ, ಒತ್ತಡದ ನೀರು ತಗುಲಿತೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಎತ್ತು ಎಮ್ಮೆಗಳ ಮೈ ತೊಳೆಯಲು ಇದನ್ನು ಬಳಸುವುದು ಸಲ್ಲದು. ಕೆಲಸ ಮುಗಿದ ಮೇಲೆ ಮೊದಲು ವಿದ್ಯುತ್ತನ್ನೂ ಆಮೇಲೆ ನಳವನ್ನೂ ನಿಲ್ಲಿಸಿ, ಧಾರೆ ಬಿಡುವ ಹಿಡಿಕೆಯ ಗುಂಡಿಯನ್ನು ಒತ್ತಿ ಕೊಳವೆಯಲ್ಲಿ ಉಳಿದ ಒತ್ತಡವನ್ನು ಹೊರಬಿಟ್ಟು, ಆ ನಂತರವೇ ಕೊಳವೆಯನ್ನು ಕಳಚಬೇಕು.