ಕಿವಿಯಿಂದ ಬರುವ ಭಯ

ರೋಮಾಂಚಕ ಚಲಚಿತ್ರವನ್ನು ನೋಡುವಾಗ ಭಯವಾದರೆ ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಆದರೂ ಎದೆಬಡಿತ ಇಳಿಯುವುದಿಲ್ಲ. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಕಿವಿಯ ಮೂಲಕ ಈ ಭಯವು ಹುಟ್ಟುವ ಬಗೆ ಹೇಗೆ?

ಸುಲಭವಾದ ಒಂದು ಪ್ರಯೋಗದಿಂದ ಆರಂಭಿಸೋಣ. ಹಾರ್ಮೋನಿಯಮ್ಮಿನಲ್ಲಿ ತಾರಸ್ಥಾಯಿಯ ಷಡ್ಜವನ್ನೂ ಅದರ ಪಕ್ಕದ ಶುದ್ಧ ರಿಷಭವನ್ನೂ ಒಟ್ಟಿಗೆ ನುಡಿಸಿರಿ. ಕಿವಿಗೆ ಒಂದು ಬಗೆಯ ಒರಟುತನ ತೋರುವುದು. ಷಡ್ಜದ ಕಂಪನಗಳು ಸೆಕೆಂಡಿಗೆ 880 ಎಂದಿಟ್ಟುಕೊಂಡರೆ ಈ ರಿಷಭದವು ಸುಮಾರು 932. ಎರಡೂ ಕೂಡಿದಾಗ ಧ್ವನಿಯ ಪ್ರಬಲತೆಯು ಅವುಗಳ ಅಂತರದಷ್ಟು, ಎಂದರೆ ಸೆಕೆಂಡಿಗೆ 52 ಬಾರಿ, ಏರಿಳಿಯುತ್ತದೆ. ಮನುಷ್ಯನ ಚೀತ್ಕಾರದಲ್ಲಿಯೂ ಇಂತಹುದೇ ಏರಿಳಿತವಿದ್ದು, ಅದರ ವೇಗ ಸೆಕೆಂಡಿಗೆ 30ರಿಂದ 150ರವರೆಗೆ ಇರುವುದೆಂದು 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಒರಟು ಧ್ವನಿಯನ್ನು ಮಿದುಳು ಅಪಾಯದ ಸೂಚನೆಯೆಂದು ಬಗೆಯುವುದರಲ್ಲಿ ಆಶ್ಚರ್ಯವಿಲ್ಲ.

1960ರಲ್ಲಿ ತೆರೆಕಂಡ 'ಸೈಕೋ' ಚಿತ್ರದ ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕನ ಮೊದಲ ಅಭಿಪ್ರಾಯವಾಗಿತ್ತು. ಸಂಗೀತಕಾರ ಬರ್ನಾರ್ಡ್ ಹರ್ಮನ್ ಆದರೂ ಸಂಗೀತ ರಚಿಸಿದನು. ಪಿಟೀಲುಗಳು ಒಂದಕ್ಕೊಂದು ಹೊಂದದ ಸ್ವರಗಳನ್ನು ಪೇರಿಸುತ್ತ ಕಿರಿಚಿದವು. ಅದನ್ನು ಕೇಳಿದ ಹಿಚ್‌ಕಾಕ್ ತನ್ನ ಮನಸ್ಸನ್ನು ಬದಲಿಸಿದನು.

ಅಕ್ಕಪಕ್ಕದ ಆ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸದೆ ಒಂದಾದ ಮೇಲೊಂದರಂತೆ ನುಡಿಸಿದರೆ ಒರಟುತನ ಉಳಿಯದು. ಆದರೆ ಭಯದ ಇನ್ನೊಂದು ಮಾರ್ಗ ತೆರೆಯುತ್ತದೆ. 1975ರ 'ಜಾಸ್' ಚಿತ್ರದಲ್ಲಿ ಜಾನ್ ವಿಲಿಯಮ್ಸ್ ಮಾಡಿದುದು ಇದನ್ನೇ. ಚಿತ್ರೀಕರಣಕ್ಕೆಂದು ನಿರ್ಮಿಸಿದ ಯಾಂತ್ರಿಕ ಶಾರ್ಕ್ ಮೀನು ಪದೇ ಪದೇ ಕೆಟ್ಟುದರಿಂದ ಅದನ್ನು ಹೆಚ್ಚಾಗಿ ತೋರಿಸುವಂತಿರಲಿಲ್ಲ. ಅದರ ಬದಲು ಮಂದ್ರದ ಎರಡು ಸ್ವರಗಳು ಮೊದಲು ನಿಧಾನವಾಗಿ, ಮೀನು ಸಮೀಪಿಸಿದಂತೆ ವೇಗವಾಗಿ ಮರುಕಳಿಸಿದವು. ಮುಂದಿನ ಸ್ವರ ಬರುವ ಮೊದಲೇ ನಮ್ಮ ಮನಸ್ಸು ಅದನ್ನು ಎದುರುನೋಡತೊಡಗುತ್ತದೆ. ಈ ಎದುರುನೋಡುವಿಕೆಯೇ ಆತಂಕ.

ಈ ಚಿತ್ರದ ಜಾಣ್ಮೆ ಮುಂದೆ ಇದೆ. ಹುಡುಗರಿಬ್ಬರು ಸುಳ್ಳು ರೆಕ್ಕೆಯೊಂದನ್ನು ನೀರಿನ ಮೇಲೆ ತೇಲಿಸಿ ಜನರನ್ನು ಹೆದರಿಸುವಾಗ ಆ ಸಂಗೀತ ಕೇಳಿಬರುವುದಿಲ್ಲ. ಹೀಗೆ, ಸ್ವರಗಳಿಲ್ಲದಿದ್ದರೆ ಮೀನೂ ಇಲ್ಲವೆಂದು ಪ್ರೇಕ್ಷಕನು ತಿಳಿಯದೆಯೇ ಕಲಿತುಬಿಡುತ್ತಾನೆ. ಬಳಿಕ ಒಮ್ಮೆ ಯಾವ ಸಂಗೀತದ ಸೂಚನೆಯೂ ಇಲ್ಲದೆ ನಿಜವಾದ ಮೀನೇ ದೋಣಿಯ ಪಕ್ಕದಲ್ಲಿ ತಲೆಯೆತ್ತುತ್ತದೆ. ನಂಬಿದ್ದ ಕಾವಲುಗಾರನೇ ನಿದ್ರಿಸಿದಂತಾಗಿ ಪ್ರೇಕ್ಷಕನು ಬೆಚ್ಚಿಬೀಳುತ್ತಾನೆ. ಧ್ವನಿಯಂತೆ ಮೌನವೂ ಭಯದ ಸಾಧನವೆಂಬುದಕ್ಕೆ ಇದೇ ನಿದರ್ಶನ.

ಓದುಗರು ಇದನ್ನು ಸ್ವತಃ ಪರೀಕ್ಷಿಸಬಹುದು. ಇಂತಹ ದೃಶ್ಯವೊಂದನ್ನು ಮೊದಲು ಧ್ವನಿಯಿಲ್ಲದೆ ನೋಡಿರಿ. ಅನಂತರ ಕಣ್ಣು ಮುಚ್ಚಿ ಕೇವಲ ಕೇಳಿರಿ. ನಿಮ್ಮ ನಾಡಿ ಯಾವಾಗ ಹೆಚ್ಚು ವೇಗವಾಗಿ ಮಿಡಿಯಿತೆಂಬುದನ್ನು ಎಣಿಸಿ ಹೋಲಿಸಿರಿ.